ಅಪ್ಪನ ಕೋಣೆಯ ರೇಡಾನ್: 17.8ರಿಂದ 1.3ಕ್ಕೆ ಇಳಿಸಿದ ಕೆಲಸದ ದಿನಚರಿ

ನಾವಿರುವುದು ಅಮೆರಿಕದ ಕೊಲೊರಾಡೋದಲ್ಲಿ, ವುಡ್‌ಲ್ಯಾಂಡ್ ಪಾರ್ಕ್ ಊರಿನಿಂದ ನಾಲ್ಕು ಮೈಲಿ ಆಚೆ, ಗುಡ್ಡದ ಮಗ್ಗುಲಲ್ಲಿ. ಎತ್ತರ ಸುಮಾರು 8,700 ಅಡಿ. 1986ರಲ್ಲಿ ಕಟ್ಟಿದ ಮನೆ, 2023ರ ಸೆಪ್ಟೆಂಬರಿನಲ್ಲಿ ಕೊಂಡೆವು. ಇಳಿಜಾರಿನಲ್ಲಿ ಇರುವುದರಿಂದ ಕೆಳಗಿನ ಅಂತಸ್ತು ಒಂದು ಕಡೆ ಮಣ್ಣಿನಲ್ಲಿ ಹೂತಿದೆ, ಇನ್ನೊಂದು ಕಡೆ ಬಾಗಿಲು ತೆಗೆದರೆ ನೇರ ಅಂಗಳ. ಮೆಟ್ಟಿಲಿಲ್ಲ. ಮಂಡಿನೋವಿನ ಅಪ್ಪ ಅಮ್ಮನ ಜೊತೆ ನಮ್ಮೂರು ಸಾಗರದಿಂದ ಆರು ತಿಂಗಳಿಗೆ ಬರುವವರಿದ್ದರು. ಆ ಕೆಳಗಿನ ಕೋಣೆ ಅವರಿಗೆ ಅಂತ ಮನೆ ನೋಡಿದ ದಿನವೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಮನೆ ಪತ್ರಗಳ ಜೊತೆ ರೇಡಾನ್ ಬಗ್ಗೆ ಒಂದು ಕಿರುಪುಸ್ತಕ ಇತ್ತು. ಮನೆ ಮಾರುವವರು, ಬಾಡಿಗೆಗೆ ಕೊಡುವವರು ರೇಡಾನ್ ವಿಚಾರವನ್ನು ಬರೆದು ತಿಳಿಸಬೇಕು ಅಂತ ಅದೇ ಆಗಸ್ಟಿನಿಂದ ಇಲ್ಲಿ ಕಾನೂನು ಬಂದಿದೆ. ಹಳೇ ಮಾಲೀಕರು "ಪರೀಕ್ಷೆ ಮಾಡಿಸಿಲ್ಲ" ಅಂತ ಬರೆದಿದ್ದರು.

ಗೊತ್ತಿಲ್ಲದವರಿಗೆ ಎರಡೇ ಮಾತು. ಬಂಡೆಯಲ್ಲಿರುವ ಯುರೇನಿಯಂ ಕ್ಷಯಿಸುತ್ತಾ ರೇಡಿಯಂ ಆಗಿ, ರೇಡಿಯಂನಿಂದ ರೇಡಾನ್ ಎಂಬ ವಿಕಿರಣಶೀಲ ಅನಿಲ ಹುಟ್ಟುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಚಳಿಗಾಲದಲ್ಲಿ ಮನೆಯೊಳಗಿನ ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತದೆ, ಆ ಜಾಗ ತುಂಬಲು ಮನೆ ನೆಲದಡಿಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ರೇಡಾನ್ ಒಳಗೆ ಬರುವುದು ಆ ಎಳೆತದ ಜೊತೆ. ಸಿಗರೇಟು ಬಿಟ್ಟರೆ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ದೊಡ್ಡ ಕಾರಣ ಇದೇ. ವರ್ಷಕ್ಕೆ ಸುಮಾರು 21,000 ಸಾವು ಅಂತ ಇಲ್ಲಿನ ಪರಿಸರ ಸಂಸ್ಥೆ ಇಪಿಎ ಅಂದಾಜು ಮಾಡಿದೆ. ಕೊಲೊರಾಡೋದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮನೆಗಳು ಮಿತಿ ಮೀರಿವೆ.

ಅಳತೆ ಲೀಟರ್ ಗಾಳಿಗೆ ಇಷ್ಟು ಪಿಕೊಕ್ಯೂರಿ (ವಿಕಿರಣಶೀಲತೆಯ ಒಂದು ಮಾನ) ಅಂತ. ಮುಂದೆ ಬರೀ ಅಂಕಿ ಬರೆಯುತ್ತೇನೆ. 4 ಮುಟ್ಟಿದರೆ ಸರಿಪಡಿಸಿ, 2ರಿಂದ 4ರ ನಡುವೆ ಇದ್ದರೂ ಯೋಚನೆ ಮಾಡಿ ಎನ್ನುತ್ತದೆ ಇಪಿಎ. ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟ ಇನ್ನೂ ಕೆಳಗೆ, ಘನ ಮೀಟರ್ ಗಾಳಿಗೆ 100 ಬೆಕೆರೆಲ್, ಅಂದರೆ ನಮ್ಮ ಲೆಕ್ಕದಲ್ಲಿ 2.7.

1. ಅಕ್ಟೋಬರ್ 14–17, 2023: ಮೊದಲ ಪರೀಕ್ಷೆ, ಮೊದಲ ತಪ್ಪು

ರಾಜ್ಯದ ಆರೋಗ್ಯ ಇಲಾಖೆ ಒಂದು ಕಿಟ್ ಪುಕ್ಕಟೆ ಕೊಡುತ್ತದೆ. ಇದ್ದಿಲು ತುಂಬಿದ ಸಣ್ಣ ಪೊಟ್ಟಣ, ಮೂರು ದಿನ ಬಿಚ್ಚಿಟ್ಟು ಮುಚ್ಚಿ ಲ್ಯಾಬಿಗೆ ಕಳಿಸುವುದು. ಕಾಲಿಗೆ ಸಿಗದಿರಲಿ ಅಂತ ಅದನ್ನು ಬಟ್ಟೆ ಒಗೆಯುವ ಕೋಣೆಯ ಶೆಲ್ಫಿನ ಮೇಲೆ ಇಟ್ಟೆ. ಪಕ್ಕದ ಬಚ್ಚಲಿನ ಕಿಟಕಿ ಎರಡು ದಿನ ತೆರೆದೇ ಇತ್ತು.

ಬಂದಿದ್ದು 3.1. ನಾಲ್ಕಕ್ಕಿಂತ ಕಡಿಮೆ ಅಂತ ಕಾಗದ ಮಡಚಿಟ್ಟುಬಿಟ್ಟೆ. ಅಪ್ಪನಿಗೆ ಫೋನಿನಲ್ಲಿ "ಎಲ್ಲಾ ಸರಿ ಇದೆ" ಅಂತಲೂ ಹೇಳಿದೆ.

ಕಿಟ್ಟಿನ ಚೀಟಿಯಲ್ಲೇ ಇದ್ದದ್ದನ್ನು ನಾನು ಓದಿರಲಿಲ್ಲ. ಪರೀಕ್ಷೆಗೆ 12 ಗಂಟೆ ಮುಂಚಿನಿಂದ ಕಿಟಕಿ ಬಾಗಿಲು ಮುಚ್ಚಿರಬೇಕು, ಓಡಾಡಲು ಮಾತ್ರ ತೆರೆಯಬಹುದು. ನೆಲದಿಂದ 20 ಇಂಚಾದರೂ ಮೇಲಿರಬೇಕು. ಕಿಟಕಿ ಬಾಗಿಲಿನಿಂದ 3 ಅಡಿ, ಹೊರಗೋಡೆಯಿಂದ 1 ಅಡಿ ದೂರ. ಅಡುಗೆಮನೆ, ಬಚ್ಚಲು, ಒಗೆಯುವ ಕೋಣೆ ಬೇಡ, ತೇವ ಇದ್ದಿಲಿಗೆ ಆಗದು. ಜನ ಮಲಗುವ, ಕೂರುವ ಅತಿ ಕೆಳಗಿನ ಜಾಗದಲ್ಲೇ ಇಡಬೇಕು. ಇಷ್ಟರಲ್ಲಿ ಒಂದೋ ಎರಡೋ ಬಿಟ್ಟು ಎಲ್ಲವನ್ನೂ ಮುರಿದಿದ್ದೆ.

2. ಡಿಸೆಂಬರ್: ನಿಜವಾದ ಅಂಕಿ

ನಮ್ಮ ಪಕ್ಕದ ಮನೆಯ ಅಜ್ಜ ಚಿನ್ನದ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. 3.1 ಅಂದಾಗ ತಲೆ ಅಲ್ಲಾಡಿಸಿದರು. "ಅಕ್ಟೋಬರಿನ ಅಂಕಿ ಬಿಡು, ಹಿಮ ಬಿದ್ದು ಮನೆ ಮುಚ್ಚಿದ ಮೇಲೆ ನೋಡು." ಇವರಿಗೆ, ಅಂದರೆ ನನ್ನ ಗಂಡನಿಗೆ, ಇದೆಲ್ಲಾ ಕಾಂಟ್ರಾಕ್ಟರುಗಳು ಹಬ್ಬಿಸಿದ ಹೆದರಿಕೆ ಎಂಬ ಅನುಮಾನವಿತ್ತು. ಅದಕ್ಕೆ ಅಜ್ಜ ಸ್ಟಾನ್ಲಿ ವಾಟ್ರಸ್ ಕಥೆ ಹೇಳಿದರು. 1984ರಲ್ಲಿ ಪೆನ್ಸಿಲ್ವೇನಿಯಾದ ಅಣುಸ್ಥಾವರದಲ್ಲಿ ಕೆಲಸಕ್ಕಿದ್ದ ಆ ಎಂಜಿನಿಯರ್ ಹಾದುಹೋದಾಗಲೆಲ್ಲ ವಿಕಿರಣದ ಅಲಾರಂ ಕೂಗಿಕೊಳ್ಳುತ್ತಿತ್ತು. ಸ್ಥಾವರ ಆಗಿನ್ನೂ ವಿದ್ಯುತ್ ಉತ್ಪಾದನೆಯನ್ನೇ ಶುರುಮಾಡಿರಲಿಲ್ಲ. ಹುಡುಕಿದರೆ ಮೂಲ ಅವರ ಮನೆಯೇ, ಅಲ್ಲಿನ ಗಾಳಿಯಲ್ಲಿ 2,700ರಷ್ಟು ರೇಡಾನ್.

180 ಡಾಲರಿನ ಡಿಜಿಟಲ್ ಮೀಟರ್ ತಂದು ಅಪ್ಪನ ಕೋಣೆಯ ಮಂಚದ ಪಕ್ಕ ಇಟ್ಟೆವು. ಡಿಸೆಂಬರ್ 9ರಿಂದ 16ರ ಸರಾಸರಿ 17.8. ಹಿಮಗಾಳಿ ಬೀಸಿದ ಒಂದು ರಾತ್ರಿ 31ಕ್ಕೆ ಹೋಯಿತು. ಮೇಲಿನ ಅಂತಸ್ತಿನಲ್ಲಿ 7.9. ಮೀಟರ್ ಸುಳ್ಳು ಹೇಳುತ್ತಿದೆಯೋ ಅಂತ ಎರಡು ಇದ್ದಿಲಿನ ಕಿಟ್ ತಂದು ಅಕ್ಕಪಕ್ಕ ಇಟ್ಟು, ಈ ಸಲ ನಿಯಮ ಒಂದೂ ಬಿಡದೆ ಪರೀಕ್ಷೆ ಮಾಡಿದೆ. 18.4 ಮತ್ತು 17.1.

ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಮೂವತ್ತು ವರ್ಷ ಬೀಡಿ ಸೇದಿ ಬಿಟ್ಟವರು. ಇಪಿಎ ಪಟ್ಟಿಯಲ್ಲಿ 20ರ ಸಾಲು ನೋಡಿದೆ. ಜೀವಮಾನವಿಡೀ ಆ ಗಾಳಿ ಕುಡಿದರೆ ಹೊಗೆಬತ್ತಿ ಮುಟ್ಟದ 1,000 ಜನರಲ್ಲಿ 36 ಮಂದಿಗೆ, ಸೇದುವ 1,000 ಜನರಲ್ಲಿ 260 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಅಪ್ಪ ಬರುವುದು ಆರೇ ತಿಂಗಳಿಗೆ, ಲೆಕ್ಕ ಜೀವಮಾನದ್ದು, ಎಲ್ಲಾ ಗೊತ್ತಿತ್ತು. ಆದರೂ ಆ ಕೋಣೆಯಲ್ಲಿ ಹಾಸಿಗೆ ಹಾಸಲು ಕೈ ಬರಲಿಲ್ಲ.

ಅಮ್ಮನಿಗೆ ವಿಷಯ ಹೇಳಿದೆ.
"ಕೋಣೆ ವಾಸನೆ ಬರ್ತದಾ?"
"ಇಲ್ಲಮ್ಮ, ಇದಕ್ಕೆ ವಾಸನೇನೇ ಇಲ್ಲ."
"ಅಲ್ಲ ಕೂಸೇ, ಹಂಗಾದ್ರೆ ಇದೆ ಅಂತ ಹೆಂಗೆ ಗೊತ್ತಾಯ್ತು? ಕಿಟಕಿ ತೆಗೆದಿಡು, ಹೋಗ್ತದೆ."

ಊರಿನ ನಮ್ಮ ಮನೆಗೆ ಅದು ಸರಿಯಾದ ಮಾತು. ಹೆಂಚಿನ ಸಂದಿಯಲ್ಲೇ ಗಾಳಿ ಹೋಗಿ ಬರುತ್ತದೆ. ಇಲ್ಲಿ ಮೈನಸ್ 20 ಡಿಗ್ರಿಯಲ್ಲಿ ಕಿಟಕಿ ತೆರೆದಿಟ್ಟು ಮಲಗಲು ಆಗುವುದಿಲ್ಲ.

ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಬಂದು ನೋಡಿ 3,100 ಡಾಲರ್ ಹೇಳಿದರು. ಕೆಳಗೆ 620 ಚದರಡಿ ಕಾಂಕ್ರೀಟ್ ನೆಲ, ಅದರ ಹಿಂದೆ 480 ಚದರಡಿ ಕ್ರಾಲ್ ಸ್ಪೇಸ್, ಅಂದರೆ ಮೇಲಿನ ಕೋಣೆಗಳ ಅಡಿಯಲ್ಲಿ ತೆವಳಿಕೊಂಡು ಹೋಗುವಷ್ಟೇ ಎತ್ತರದ ಬರಿ ಮಣ್ಣಿನ ಜಾಗ. ಎರಡಕ್ಕೂ ಸೇರಿಸಿ ಆ ದರ. ಸ್ವಂತ ಮನೆ, ನಾವೇ ಮಾಡೋಣ ಅಂತ ನಿರ್ಧರಿಸಿದೆವು. ಕಟ್ಟಡ ಇಲಾಖೆಯಲ್ಲಿ ವಿಚಾರಿಸಿ, ವಿದ್ಯುತ್ ಕೆಲಸಕ್ಕೆ ಪರ್ಮಿಟ್ ತೆಗೆದುಕೊಂಡೆವು.

3. ಜನವರಿ 6–7, 2024: ಬಿರುಕು ಮುಚ್ಚಿದ್ದು

ನೆಲ ಮತ್ತು ಗೋಡೆ ಸೇರುವ ಸಂದು ಸುತ್ತಲೂ ಬಿಟ್ಟುಕೊಂಡಿತ್ತು. ಅಗಲ ಇದ್ದ ಕಡೆ ಫೋಮಿನ ಹಗ್ಗ ತುರುಕಿ, ಮೇಲೆ ಪಾಲಿಯುರೆಥೇನ್ ಕಾಕ್, ಅಂದರೆ ಸಂದು ಮುಚ್ಚುವ ಅಂಟು, ತುಂಬಿದೆ. 9 ಟ್ಯೂಬು ಖಾಲಿ. ಸ್ನಾನದ ತೊಟ್ಟಿಯ ಕೆಳಗೆ ಪೈಪು ಕೂರಿಸಲು ಬಿಟ್ಟಿದ್ದ ಒಂದಡಿ ಚೌಕದ ರಂಧ್ರ ಹಾಗೇ ಇತ್ತು, ಟಾರ್ಚ್ ಹಾಕಿದರೆ ಮಣ್ಣು ಕಾಣುತ್ತಿತ್ತು. ಅದಕ್ಕೂ ಗಾರೆ ಹಾಕಿದೆ. ಇಲ್ಲಿಂದಲೇ ಬರುತ್ತಿರಬೇಕು, ಸಿಕ್ಕಿಬಿತ್ತು ಅಂತ ಖುಷಿಪಟ್ಟೆ.

ಖರ್ಚು 104 ಡಾಲರ್. ವಾರದ ನಂತರದ ಸರಾಸರಿ 15.9. ಕಾಣುವ ಸಂದು ಮುಚ್ಚಿದರೆ ಕಾಣದ ಸಂದಿನಿಂದ ಬರುತ್ತದೆ. ಬರಿ ಮುಚ್ಚುವುದನ್ನೇ ನಂಬಬೇಡಿ ಅಂತ ಇಪಿಎ ಪುಸ್ತಕದಲ್ಲೇ ಇದೆ. ಮುಂದೆ ಎಳೆಯುವ ಫ್ಯಾನು ಕೂರಿಸುವಾಗ ಈ ಕೆಲಸ ಉಪಯೋಗಕ್ಕೆ ಬಂತು, ಆದರೆ ಅದೊಂದರಿಂದ ಏನೂ ಆಗಲಿಲ್ಲ.

4. ಜನವರಿ 13: ಊದುಬತ್ತಿ ಪರೀಕ್ಷೆ

ನೆಲದಡಿಯ ಗಾಳಿಯನ್ನು ಪೈಪಿನಿಂದ ಎಳೆದು ಮಾಡಿನ ಮೇಲೆ ಬಿಡುವುದು ಇದಕ್ಕಿರುವ ಮುಖ್ಯ ಉಪಾಯ. ಕಾಂಕ್ರೀಟಿನ ಕೆಳಗಿನ ಒತ್ತಡ ಕೋಣೆಯ ಒತ್ತಡಕ್ಕಿಂತ ಕಡಿಮೆಯಾದರೆ ಗಾಳಿ ಮೇಲಿನಿಂದ ಕೆಳಕ್ಕೆ ಹೋಗುತ್ತದೆ, ಕೆಳಗಿನಿಂದ ಮೇಲಕ್ಕಲ್ಲ. ಆ ಎಳೆತ ನೆಲದಡಿ ಎಷ್ಟು ದೂರ ಹಬ್ಬುತ್ತದೆ ಅಂತ ಮೊದಲು ನೋಡಬೇಕು.

ನೆಲದಲ್ಲಿ ನೀರಿನ ಪೈಪು, ವೈರು ಎಲ್ಲಿವೆ ಅಂತ ಖಚಿತ ಮಾಡಿಕೊಂಡು, ಬಾಯ್ಲರ್ ಇರುವ ಕೋಣೆಯ ಮೂಲೆಯಲ್ಲಿ ಒಂದೂವರೆ ಇಂಚಿನ ರಂಧ್ರ ಕೊರೆದು ಶಾಪ್ ವ್ಯಾಕ್ಯೂಮ್, ಅಂದರೆ ಕಸ ಎಳೆಯುವ ದೊಡ್ಡ ಯಂತ್ರದ ಮೂತಿ ಇಟ್ಟೆವು. ಅಲ್ಲಿಂದ 6, 12, 20 ಅಡಿ ದೂರದಲ್ಲಿ ಪೆನ್ಸಿಲಿನಷ್ಟು ದಪ್ಪದ ಮೂರು ರಂಧ್ರ. ಕಾಂಕ್ರೀಟ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಹಾಕಿಯೇ ಕೊರೆದಿದ್ದು.

ದೇವರ ಮನೆಯಿಂದ ಊದುಬತ್ತಿ ತಂದು ಹಚ್ಚಿ ಒಂದೊಂದೇ ರಂಧ್ರದ ಮೇಲೆ ಹಿಡಿದೆ. 6 ಅಡಿಯಲ್ಲಿ ಹೊಗೆಯ ಎಳೆ ಬಾಗಿ, ನೂಲು ಸೂಜಿ ಹೊಕ್ಕ ಹಾಗೆ ನೆಲದೊಳಗೆ ಹೋಯಿತು. 12 ಅಡಿಯಲ್ಲಿ ಒಮ್ಮೆ ಒಳಗೆ, ಒಮ್ಮೆ ಹೊರಗೆ. 20 ಅಡಿಯದು ಅಪ್ಪನ ಕೋಣೆಯ ಮೂಲೆ. ಅಲ್ಲಿ ಹೊಗೆ ನೆಟ್ಟಗೆ ಮೇಲೆ ಹೋಗುತ್ತಲೇ ಇತ್ತು.

ಕಾರಣ ಕೊರೆದ ಪುಡಿಯಲ್ಲೇ ಸಿಕ್ಕಿತು. ಕಾಂಕ್ರೀಟಿನ ಕೆಳಗೆ ಜಲ್ಲಿ ಹಾಕಿಯೇ ಇರಲಿಲ್ಲ. ಬಂದಿದ್ದು ಗುಲಾಬಿ ಬಣ್ಣದ ಒರಟು ಹರಳು, ಗಟ್ಟಿಯಾಗಿ ಕೂತದ್ದು. ಇಲ್ಲಿನ ಪೈಕ್ಸ್ ಪೀಕ್ ಬೆಟ್ಟದ ಗ್ರಾನೈಟೇ ಹಾಗೆ ಪುಡಿಯಾಗುವುದು. ಸುಮಾರು 108 ಕೋಟಿ ವರ್ಷದ ಹಿಂದಿನ ಕಲ್ಲು, ಯುರೇನಿಯಂ ಅಂಶ ಇರುವಂಥದ್ದು. ಒಂದು ಹಿಡಿ ಅಂಗೈಯಲ್ಲಿ ಹಾಕಿಕೊಂಡು ಬಿಸಿಲಿಗೆ ಹಿಡಿದೆ, ಕಲ್ಲುಸಕ್ಕರೆ ಚೂರಿನ ಹಾಗೆ ಹೊಳೆಯುತ್ತಿತ್ತು.

ಇಷ್ಟು ನೋಡಿದ ಮೇಲೂ ಮುಂದಿನ ತಪ್ಪು ಮಾಡಿದೆ.

5. ಜನವರಿ 27–28: ಗುಂಡಿ, ಪೈಪು, ತಪ್ಪು ಫ್ಯಾನು

5 ಇಂಚಿನ ಕೋರ್ ಬಿಟ್ (ದುಂಡಗೆ ಕೊರೆಯುವ ಅಲಗು) ಇರುವ ಯಂತ್ರ ಒಂದು ದಿನಕ್ಕೆ 95 ಡಾಲರ್ ಬಾಡಿಗೆ. 4 ಇಂಚು ದಪ್ಪದ ಕಾಂಕ್ರೀಟ್ ಕೊರೆಯಲು ಇಪ್ಪತ್ತು ನಿಮಿಷ. ಆಮೇಲೆ ಆ ರಂಧ್ರದೊಳಗೆ ಕೈ ಹಾಕಿ ಕೆಳಗಿನ ಮಣ್ಣು ತೆಗೆಯಬೇಕು. ಸಲಿಕೆ ಹೋಗುವುದಿಲ್ಲ. ಸಾರಿನ ಸೌಟಿನ ಹಿಡಿ ಬಗ್ಗಿಸಿಕೊಂಡು ತೋಡಿದೆ. ಎರಡು ಬಕೆಟ್ ತೆಗೆಯುವಷ್ಟರಲ್ಲಿ ಮೊಣಕೈ ಚರ್ಮ ಸುಲಿದಿತ್ತು, ಸಾಕು ಅಂತ ನಿಲ್ಲಿಸಿದೆ.

3 ಇಂಚಿನ ದಪ್ಪ ಪಿವಿಸಿ ಪೈಪು, 10 ಅಡಿಯ 5 ತುಂಡು. ಬಾಯ್ಲರ್ ಕೋಣೆಯಿಂದ ತೊಲೆಗಳ ಕೆಳಗೆ 6 ಅಡಿ ಅಡ್ಡ ಹೋಗಿ, ಮೇಲಿನ ಬಟ್ಟೆ ಕಪಾಟಿನೊಳಗೆ ಏರಿ, ಅಟ್ಟಕ್ಕೆ, ಅಲ್ಲಿಂದ ಮಾಡಿನ ಹೊರಗೆ. ಹೊರಗೋಡೆಯ ಮೇಲೆ ಪೈಪು ಓಡಿಸಿದ್ದರೆ ಸುಲಭವಿತ್ತು. ಆದರೆ ನೆಲದಡಿಯ ಗಾಳಿ ತೇವದ್ದು, ಈ ಚಳಿಯಲ್ಲಿ ಹೊರಗಿನ ಪೈಪಿನಲ್ಲಿ ಮಂಜುಗಟ್ಟುತ್ತದೆ ಅಂತ ಅಜ್ಜ ಎಚ್ಚರಿಸಿದ್ದರು. ಫ್ಯಾನು ಮಾತ್ರ ಜನ ಇರುವ ಜಾಗದಲ್ಲಿ ಇರಕೂಡದು. ಫ್ಯಾನಿನ ನಂತರದ ಪೈಪಿನಲ್ಲಿ ಒತ್ತಡ ಹೊರಮುಖ, ಸೋರಿದರೆ ರೇಡಾನ್ ಮನೆಗೇ ಬರುತ್ತದೆ. ಅದಕ್ಕೆ ಅಟ್ಟ. ಹೊರಬಾಯಿ ನೆಲದಿಂದ 10 ಅಡಿಗಿಂತ ಮೇಲೆ, ಕಿಟಕಿಗಳಿಂದ 10 ಅಡಿ ದೂರ. ಮಾಡು ಒಣಗಿದ ಭಾನುವಾರ ನೋಡಿ ಇವರು ಹಗ್ಗ ಕಟ್ಟಿಕೊಂಡು ಹತ್ತಿದರು. ಫ್ಯಾನಿಗೆ ಲೈನ್ ಎಳೆದಿದ್ದು ಎಲೆಕ್ಟ್ರಿಷಿಯನ್.

ಫ್ಯಾನು 165 ಡಾಲರಿನದು, ಹೆಚ್ಚು ಗಾಳಿ ಹರಿಸುವ, ಎಳೆತ ಕಡಿಮೆ ಇರುವ ಜಾತಿ. ಜಲ್ಲಿ ಇರುವ ನೆಲಕ್ಕೆ ಅದು ಸರಿ. ನಮ್ಮದು ಗಟ್ಟಿ ಮಣ್ಣು, ಗಾಳಿ ಕಡಿಮೆ ಬಂದರೂ ಎಳೆತ ಜಾಸ್ತಿ ಬೇಕು. ಊದುಬತ್ತಿ ಅದನ್ನೇ ಹೇಳಿತ್ತು, ನಾನು ಬೆಲೆ ನೋಡಿದೆ. ಇನ್ನೊಂದು ಸಂಗತಿ ಗುಡ್ಡದ ಮೇಲಿರುವವರಿಗೆ: ಡಬ್ಬಿಯ ಮೇಲೆ ಬರೆದ ಎಳೆತ ಸಮುದ್ರಮಟ್ಟದ್ದು. ನಮ್ಮ ಎತ್ತರದಲ್ಲಿ ಗಾಳಿಯ ಸಾಂದ್ರತೆ ನಾಲ್ಕರಲ್ಲಿ ಮೂರು ಪಾಲಿನಷ್ಟೇ, ಎಳೆತವೂ ಅಷ್ಟೇ ಇಳಿಯುತ್ತದೆ. ಎಳೆತವನ್ನು ಅಳೆಯುವುದು ಇಂಚು ನೀರಿನ ಲೆಕ್ಕದಲ್ಲಿ. ಡಬ್ಬಿಯಲ್ಲಿ 2 ಇಂಚು ನೀರು ಅಂತಿದ್ದರೆ, ಪೈಪಿಗೆ ಸಿಕ್ಕಿಸಿದ ಯು ಆಕಾರದ ಮಾನೋಮೀಟರ್ ಎಂಬ ಒತ್ತಡದ ಅಳತೆಗೋಲಿನಲ್ಲಿ ಕಂಡಿದ್ದು 1.4.

ಫೆಬ್ರವರಿ 3ರ ಹೊತ್ತಿಗೆ ಸರಾಸರಿ 9.6.

6. ಫೆಬ್ರವರಿ 10–24: ತಿದ್ದುಪಡಿ

ಪೈಪು ಎತ್ತಿ ಮತ್ತೆ ಸೌಟು ಹಿಡಿದೆ. ಇನ್ನೂ ಮೂರು ಬಕೆಟ್. ಗುಂಡಿ ದೊಡ್ಡದಾದಷ್ಟೂ ಎಳೆತ ಹಬ್ಬಲು ಮೈ ಹೆಚ್ಚು ಸಿಗುತ್ತದೆ. ಆದರೂ 8.3.

17ರಂದು ಫ್ಯಾನು ಬದಲಿಸಿದೆವು. ಗಟ್ಟಿ ಮಣ್ಣಿಗೆಂದೇ ಮಾಡಿದ ಜೋರು ಎಳೆತದ್ದು, 275 ಡಾಲರ್. ರಬ್ಬರ್ ಜೋಡಣೆ ಹಾಕಿದ್ದರಿಂದ ಸ್ಕ್ರೂಡ್ರೈವರಿನಿಂದ ಬಿಚ್ಚಿ ಹಾಕಲು ಅರ್ಧ ಗಂಟೆ ಸಾಕಾಯಿತು. ಮಾನೋಮೀಟರ್ 2.9. 12 ಅಡಿಯ ರಂಧ್ರದಲ್ಲಿ ಹೊಗೆ ಸರಕ್ಕನೆ ಒಳಗೆ. 20 ಅಡಿಯಲ್ಲೂ ನಿಧಾನಕ್ಕೆ, ಆದರೆ ಒಳಗೇ. ಆಮೇಲೆ ಆ ಪರೀಕ್ಷೆಯ ರಂಧ್ರಗಳನ್ನು ಮುಚ್ಚಿದೆವು.

ಫ್ಯಾನು ಓಡಿಸಿದ ದಿನವೇ ಮಾಡಲೇಬೇಕಾದ ಇನ್ನೊಂದು ಪರೀಕ್ಷೆ ಇದೆ. ನಮ್ಮ ನೀರು ಕಾಯಿಸುವ ಬಾಯ್ಲರ್ ಗ್ಯಾಸಿನದು. ಫ್ಯಾನು ಮನೆಯ ಗಾಳಿಯನ್ನೂ ಎಳೆದರೆ ಅದರ ಹೊಗೆ ಚಿಮಣಿಯಿಂದ ವಾಪಸ್ ಒಳಗೆ ಬರಬಹುದು. ರೇಡಾನ್ ಓಡಿಸಲು ಹೋಗಿ ಕಾರ್ಬನ್ ಮಾನಾಕ್ಸೈಡ್ ತಂದುಕೊಂಡ ಹಾಗಾಗುತ್ತದೆ. ಕಿಟಕಿ ಮುಚ್ಚಿ, ಅಡುಗೆಮನೆ ಬಚ್ಚಲಿನ ಫ್ಯಾನೆಲ್ಲ ಹಾಕಿ, ಬಾಯ್ಲರ್ ಉರಿಸಿ ಹತ್ತು ನಿಮಿಷದ ನಂತರ ಚಿಮಣಿ ಬಾಯಿಗೆ ಊದುಬತ್ತಿ ಹಿಡಿದೆ. ಹೊಗೆ ಮೇಲಕ್ಕೇ ಹೋಯಿತು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡು ಅಂತಸ್ತಿನಲ್ಲೂ ಇದೆ.

ನಾಲ್ಕನೇ ರಾತ್ರಿ ಪೈಪಿನಲ್ಲಿ ಗುಳುಗುಳು ಸದ್ದು. ಮಾನೋಮೀಟರ್ ಮೇಲೆ ಕೆಳಗೆ ಆಡುತ್ತಿತ್ತು. ಅಟ್ಟದ ಚಳಿಗೆ ಪೈಪಿನೊಳಗೆ ನೀರು ಬೆವೆತು ಇಳಿದು, ತೊಲೆ ಕೆಳಗಿನ ಅಡ್ಡ ಪೈಪಿನಲ್ಲಿ ನಿಂತಿತ್ತು. ಅಡ್ಡ ಪೈಪು ಗುಂಡಿಯ ಕಡೆಗೆ ಇಳಿಜಾರಿರಬೇಕು, ಅಡಿಗೆ 1/8 ಇಂಚಾದರೂ. ನಾನು ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡಿದ್ದೆ, ನಡುವೆ ಜೋತೂ ಬಿದ್ದಿತ್ತು. ಅಂಟಿಸಿದ ಪಿವಿಸಿ ಬಿಚ್ಚಲು ಬರುವುದಿಲ್ಲ, ಗರಗಸದಲ್ಲಿ ಕತ್ತರಿಸಿ ಎರಡು ಕಡೆ ಹೊಸ ಜೋಡಣೆ ಕೊಟ್ಟು ಕಟ್ಟಬೇಕಾಯಿತು. ಅಟ್ಟದ ಪೈಪಿಗೆ ಉಳಿದಿದ್ದ ಇನ್ಸುಲೇಷನ್ ಸುತ್ತಿದೆವು.

ಮಾಪನ 5.2ಕ್ಕೆ ಬಂದು ನಿಂತುಬಿಟ್ಟಿತು.

7. ಮಾರ್ಚ್ 2–3: ಕ್ರಾಲ್ ಸ್ಪೇಸ್

ಇದನ್ನು ಮೊದಲೇ ಮಾಡಬೇಕಿತ್ತು. 480 ಚದರಡಿ ಬರಿ ಗ್ರಾನೈಟ್ ಮಣ್ಣು ಬಾಯಿ ತೆರೆದುಕೊಂಡಿರುವಾಗ ನಾನು ಕೂದಲೆಳೆ ಬಿರುಕಿಗೆ ಕಾಕ್ ಹಚ್ಚುತ್ತಿದ್ದೆ. ಆ ಬಾಗಿಲು ಸದಾ ಮುಚ್ಚಿರುತ್ತದೆ, ಅದರೊಳಗೆ ಯಾರೂ ಇರುವುದಿಲ್ಲ ಅಂತ ಅದನ್ನು ಮನೆ ಅಂತಲೇ ಎಣಿಸಿರಲಿಲ್ಲ. ಕಾಂಟ್ರಾಕ್ಟರ್ ಎರಡಕ್ಕೂ ಸೇರಿಸಿ ದರ ಹೇಳಿದ್ದನ್ನು ಹೆಚ್ಚು ಹಣಕ್ಕೆ ಅಂತ ತಿಳಿದಿದ್ದೆ. ಅದು ನನ್ನ ತಪ್ಪು.

ಒಳಗೆ ಇಲಿ ಹಿಕ್ಕೆ ತುಂಬಾ ಇತ್ತು. ಈ ಗುಡ್ಡಗಳ ಡೀರ್ ಮೌಸ್ ಜಾತಿಯ ಇಲಿಯಿಂದ ಹಾಂಟಾ ವೈರಸ್ ಬರುತ್ತದೆ, ಒಣ ಹಿಕ್ಕೆ ಗುಡಿಸಿದರೆ ಧೂಳಿನಲ್ಲಿ ಉಸಿರಿಗೆ ಸೇರುತ್ತದೆ. ಒಂದಕ್ಕೆ ಒಂಬತ್ತು ಪಾಲು ನೀರು ಬೆರೆಸಿದ ಬ್ಲೀಚ್ ಸಿಂಪಡಿಸಿ, ಐದು ನಿಮಿಷ ನೆನೆಸಿ, ಮಾಸ್ಕ್ ಗ್ಲೌಸ್ ಹಾಕಿಕೊಂಡು ಒದ್ದೆಯಲ್ಲೇ ಬಳಿದು ತೆಗೆದೆವು.

ಆಮೇಲೆ ಮಣ್ಣಿನ ಮೇಲೆ 20 ಅಡಿ ತೂತಿನ ಪೈಪು ಮಲಗಿಸಿ, ಅದರ ಮೇಲೆ 12 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿದೆವು. ಒಂದು ಹಾಳೆಯ ಮೇಲೆ ಇನ್ನೊಂದು ಒಂದಡಿ ಬರುವ ಹಾಗೆ, ಮೇಲೆ ಟೇಪು. ಅಂಚು ಗೋಡೆಗೆ ಕಾಕ್ ಹಚ್ಚಿ, ಮರದ ಪಟ್ಟಿ ಹೊಡೆದು ಬಿಗಿ. ಮಧ್ಯದ ಕಂಬಗಳಿಗೆ ಲಂಗದ ಹಾಗೆ ಸುತ್ತಿ ಕಟ್ಟುವುದರಲ್ಲೇ ಭಾನುವಾರ ಮುಗಿಯಿತು. ಎರಡೂವರೆ ಅಡಿ ಎತ್ತರದಲ್ಲಿ ಇವರು ಬೆನ್ನ ಮೇಲೆ ಮಲಗಿ ಕೆಲಸ ಮಾಡಿದರು, ನಾನು ಹೊರಗಿನಿಂದ ಸಾಮಾನು ದೂಡುತ್ತಿದ್ದೆ.

ತೂತಿನ ಪೈಪನ್ನು ಮುಖ್ಯ ಪೈಪಿಗೆ ಟಿ ಆಕಾರದ ಜೋಡಣೆ ಹಾಕಿ, ನಡುವೆ ಒಂದು ವಾಲ್ವ್ ಇಟ್ಟು ಸೇರಿಸಿದೆವು. ಪೂರ್ತಿ ತೆರೆದರೆ ಮಾನೋಮೀಟರ್ 1.9ಕ್ಕೆ ಕುಸಿಯುತ್ತದೆ, ಹಾಳೆಯ ಕಡೆಯ ಗಾಳಿಯೇ ಎಲ್ಲಾ ಎಳೆತ ತಿಂದು ಕಾಂಕ್ರೀಟಿಗೆ ಏನೂ ಉಳಿಯುವುದಿಲ್ಲ. ಅರ್ಧ ತೆರೆದಾಗ 2.4, ಎರಡೂ ಕಡೆ ಎಳೆತ. ಹಾಳೆ ಮಣ್ಣಿಗೆ ಅಂಟಿ ಕೆಳಗಿನ ಕಲ್ಲುಗಳ ಆಕಾರ ಮೂಡಿದ್ದನ್ನು ಕಂಡಾಗಲೇ ಧೈರ್ಯ ಬಂತು.

ಫ್ಯಾನು ಓಡಿ 24 ಗಂಟೆಯಾದ ಮೇಲೆ ಹೊಸ ಕಿಟ್ ಇಟ್ಟೆ. ಮನೆ ಮುಚ್ಚಿ, ಅಪ್ಪನ ಕೋಣೆಯಲ್ಲಿ, ನೆಲದಿಂದ 30 ಇಂಚು ಮೇಲೆ. ಬಂದಿದ್ದು 1.3. ಮಾರ್ಚ್ 10ರಿಂದ ಜೂನ್ 9ರವರೆಗೆ 91 ದಿನದ ಆಲ್ಫಾ ಟ್ರ್ಯಾಕ್ ಎಂಬ ದೀರ್ಘಾವಧಿ ಪರೀಕ್ಷೆಯ ಕಿಟ್ ಕೂಡ ಇಟ್ಟೆ, ಅದು 1.2.

ನಮ್ಮದು ಬೋರ್‌ವೆಲ್ ನೀರು, ಅದನ್ನೂ ಪರೀಕ್ಷೆಗೆ ಕಳಿಸಿದೆ. ಬಾಟಲಿಯಲ್ಲಿ ಒಂದು ಗುಳ್ಳೆಯೂ ಇರದ ಹಾಗೆ ನೀರೊಳಗೇ ಮುಚ್ಚಳ ಹಾಕಬೇಕು. ಲೀಟರ್ ನೀರಿಗೆ 6,200 ಬಂತು. ನೀರಿನಲ್ಲಿ 10,000 ಇದ್ದರೆ ಮನೆಗಾಳಿಗೆ 1 ಸೇರುತ್ತದೆ ಎಂಬ ಲೆಕ್ಕದಲ್ಲಿ ಇದರ ಪಾಲು 0.6ರ ಆಸುಪಾಸು. ಸದ್ಯಕ್ಕೆ ಬಿಟ್ಟಿದ್ದೇನೆ.

8. ಖರ್ಚು, ಡಾಲರಿನಲ್ಲಿ

ಎಲ್ಲಾ ಪರೀಕ್ಷೆ ಮತ್ತು ಮೀಟರ್ 306. ಬಿರುಕು ಮುಚ್ಚಿದ್ದು 104. ಯಂತ್ರದ ಬಾಡಿಗೆ, ಡ್ರಿಲ್ ಬಿಟ್ ಸೇರಿ 133. ಪೈಪು, ಜೋಡಣೆ 165. ತಪ್ಪು ಫ್ಯಾನು 165, ಸರಿ ಫ್ಯಾನು 275. ಮಾನೋಮೀಟರ್, ರಬ್ಬರ್ ಜೋಡಣೆ, ಮಾಡಿನ ತಗಡು 66. ಎಲೆಕ್ಟ್ರಿಷಿಯನ್, ಪರ್ಮಿಟ್ 280. ಕ್ರಾಲ್ ಸ್ಪೇಸ್ 491. ಒಟ್ಟು 1,985. ಫ್ಯಾನಿನ ಕರೆಂಟಿಗೆ ತಿಂಗಳಿಗೆ ಸುಮಾರು 10. ಎಂಟು ವಾರಾಂತ್ಯ ಬೇರೆ. ಎರಡು ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಬೇಕು.

ಚಿಕ್ಕ ಮಕ್ಕಳಿರುವವರಿಗೆ, ಕೈಯಲ್ಲಿ ಸಮಯ ಇಲ್ಲದವರಿಗೆ ನಾನು ಕಾಂಟ್ರಾಕ್ಟರನ್ನೇ ಕರೆಯಿರಿ ಎನ್ನುತ್ತೇನೆ. ಪರೀಕ್ಷೆ ಮಾತ್ರ ಈ ಚಳಿಗಾಲದಲ್ಲೇ ಮಾಡಿ.

9. ಜೂನ್ 19

ಮೇ 4ಕ್ಕೆ ಅಪ್ಪ ಅಮ್ಮ ಬಂದರು. ಅಪ್ಪ ತೋಟದಲ್ಲಿ ನಲವತ್ತು ವರ್ಷದಿಂದ ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಇಂಚು ಬರೆಯುವವರು. ಇಲ್ಲಿ ಅಳೆಯುವಂಥ ಮಳೆ ಇಲ್ಲ. ಬಾಯ್ಲರ್ ಕೋಣೆಯ ಮಾನೋಮೀಟರ್ ತೋರಿಸಿ, ಇದೂ ಇಂಚು ನೀರಿನ ಲೆಕ್ಕವೇ ಅಂದೆ. ಮರುದಿನದಿಂದ ಕಾಫಿಗೆ ಮುಂಚೆ ಅಲ್ಲಿ ಹೋಗಿ ಕನ್ನಡಕ ಏರಿಸಿ ನೋಡಿ ಬರೆಯತೊಡಗಿದರು. 2.4, 2.4, 2.4.

ಜೂನ್ 19ರ ಬೆಳಿಗ್ಗೆ ಮೆಟ್ಟಿಲ ಬುಡದಿಂದ ಕೂಗಿದರು. "ಕೂಸೇ, ಇವತ್ತು ಎರಡು ಪಾಯಿಂಟ್ ಒಂಬತ್ತು ತೋರಿಸ್ತಿದೆ. ನಿನ್ನೆನೂ ಅಷ್ಟೇ ಇತ್ತು, ನಾನೇ ತಪ್ಪು ನೋಡಿದೆ ಅಂದ್ಕಂಡೆ." ಎಳೆತ ಜಾಸ್ತಿಯಾದರೆ ಒಳ್ಳೆಯದಲ್ಲವಾ ಅಂತ ಮೊದಲು ನನಗೂ ಅನ್ನಿಸಿತು. ರೇಡಾನ್ ಮೀಟರ್ ನೋಡಿದರೆ 2.6. ಎರಡು ದಿನದ ಹಿಂದೆ ಟೇಪು ಬಿಟ್ಟಿದೆಯಾ ಅಂತ ಹಾಳೆ ನೋಡಲು ಹೋದವಳು ವಾಲ್ವ್ ಮುಚ್ಚಿ, ತೆರೆಯಲು ಮರೆತಿದ್ದೆ. ಕ್ರಾಲ್ ಸ್ಪೇಸಿನ ಎಳೆತವೇ ನಿಂತಿತ್ತು.

ವಾಲ್ವ್ ಅರ್ಧಕ್ಕೆ ತಿರುಗಿಸಿ, ಆ ಜಾಗಕ್ಕೆ ಕೆಂಪು ಟೇಪು ಸುತ್ತಿದೆ. ಅಪ್ಪ ಪುಸ್ತಕ ತೆಗೆದು ಆ ಎರಡು ದಿನದ ಅಂಕಿಯ ಪಕ್ಕ "ವಾಲು ಬಂದ್" ಅಂತ ಬರೆದು, ಕೆಳಗೆ ಹೊಸ ಸಾಲಿನಲ್ಲಿ 2.4 ಬರೆದರು.